ಸೋಸದ ನೀರು

ಒಣಗುವ ನೀರು ತಾನು ಕಂಡದ್ದನ್ನೆಲ್ಲ ಗಾಜಿನ ಮೇಲೆ ತೋರಿಸಲು ಶುರುಮಾಡಿ ಹನ್ನೆರಡು ವರ್ಷವಾಗಿತ್ತು. ಹುಬ್ಬಳ್ಳಿಯಲ್ಲಿ ಕಿಟಕಿ ತೊಳೆಯುವ ವ್ಯಾನ್ ನಡೆಸುತ್ತಿದ್ದ ಫಕೀರವ್ವನಿಗೆ ಅದು ದಿನನಿತ್ಯದ ಕಿರಿಕಿರಿ. ಹೋದ ವಾರ ಹಳೆಯ ಫಿಲ್ಟರ್ ಕೈಕೊಟ್ಟು, ಬ್ಯಾಂಕಿನ ಗಾಜಿನ ತುಂಬ ಎಮ್ಮೆಗಳು ಈಜಿದ್ದವು.

"ಇನ್ನೊಮ್ಮೆ ಹಿಂಗಾದ್ರ ಬ್ಯಾರೇದವ್ರನ್ನ ಕರಸ್ತೀನಿ" ಎಂದಿದ್ದರು ಮ್ಯಾನೇಜರು.

ಹೊಸ ಫಿಲ್ಟರ್ ಕೊಳ್ಳಲು ಅವಳು ಅಂಗಡಿಗೆ ಬಂದಳು. ಅಂಗಡಿಯವನು ಅವಳ ವ್ಯಾನಿನ ಟ್ಯಾಂಕಿನಲ್ಲಿದ್ದ ಡ್ಯಾಮಿನ ನೀರನ್ನೇ ಎರಡು ಫಿಲ್ಟರುಗಳಲ್ಲಿ ಸೋಸಿ, ಎರಡು ಗಾಜು ತೊಳೆದಿಟ್ಟ. ದೊಡ್ಡ ಫಿಲ್ಟರಿನ ಗಾಜು ಒಣಗಿ ಥಳಥಳ ಹೊಳೆಯಿತು. ಸಣ್ಣದರ ಗಾಜಿನಲ್ಲಿ ಬಾವಿಕಟ್ಟೆ, ಬೇವಿನಮರ, ಕೊಡ ಹೊತ್ತ ಹೆಂಗಸರು ಮೂಡಿದರು.

"ಇದು ಬ್ಯಾಡ್ರೀ" ಎಂದು ಫಕೀರವ್ವ ಒರೆಸಲು ಬಟ್ಟೆ ಎತ್ತಿದಳು.

"ಒರಸಬ್ಯಾಡ ತಂಗಿ!" ಪಕ್ಕದಲ್ಲಿ ಪೈಪು ಕೊಳ್ಳುತ್ತಿದ್ದ ಮುದುಕರೊಬ್ಬರು ಕೂಗಿದರು. "ಅದು ನಮ್ಮೂರು. ಡ್ಯಾಮಿನ್ಯಾಗ ಮುಳುಗಿ ಐವತ್ತು ವರ್ಷಾತು. ಅಕಿ ನೋಡು, ನಮ್ಮಕ್ಕ!"

ಗಾಜಿನೊಳಗೆ ಅವರು ತೋರಿಸಿದ ಹುಡುಗಿ ಕಾಲು ಜಾರಿ, ಮೈಯೆಲ್ಲ ಒದ್ದೆ ಮಾಡಿಕೊಂಡು ನಕ್ಕಳು. ಮುದುಕರೂ ಕಣ್ಣೊರೆಸಿಕೊಂಡು ನಕ್ಕರು. ಐದು ನಿಮಿಷಕ್ಕೆ ಚಿತ್ರ ಮಾಸಿಹೋಯಿತು. ಅವರು ಬರೀ ಗಾಜನ್ನೇ ನೋಡುತ್ತ ನಿಂತರು.

ಬ್ಯಾಂಕಿನ ಕೆಲಸ ಬಿಡುವಂತಿರಲಿಲ್ಲ. ಫಕೀರವ್ವ ದೊಡ್ಡ ಫಿಲ್ಟರನ್ನೇ ವ್ಯಾನಿಗೆ ಹಾಕಿಸಿಕೊಂಡಳು. ಆದರೆ ಟ್ಯಾಂಕಿನಿಂದ ಸೋಸದ ನೀರು ನೇರ ಬರುವಂತೆ ಇನ್ನೊಂದು ನಲ್ಲಿ ಕೂಡಿಸಲು ಹೇಳಿದಳು.

"ಅದ್ಯಾಕ್ರೀ?" ಎಂದ ಅಂಗಡಿಯವನು.

ಅವಳು ಮುದುಕರ ಕಡೆ ತಿರುಗಿದಳು. "ಅಜ್ಜಾರ, ನಿಮ್ಮ ಮನಿಗೆ ಎಷ್ಟು ಕಿಟಕಿ ಅದಾವ್ರೀ?"

"ಎರಡು."

"ವ್ಯಾನ್ ಹತ್ರಿ ಹಂಗಾರ."