ಬುಗ್ಗೆ ಹೋಟೆಲಿನ ವಾಚ್‌ಮನ್ ಹೇಳಿದ್ದು

ಬೆಂಕಿಕಡ್ಡಿ ಗೀರಿದಾಗ ಬರುವ ಗಂಧಕದ ವಾಸನೆಗೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ಅಬುಧಾಬಿಯಿಂದ ಬಿಸಿನೀರಿನ ಬುಗ್ಗೆ ನೋಡಲು ಹೋಗಿದ್ದೆವು. ಪಕ್ಕದಲ್ಲೇ ಮುಚ್ಚಿದ್ದ ಹಳೆಯ ಹೋಟೆಲನ್ನೂ ನೋಡಬೇಕೆಂದಾಗ ಬಿಹಾರಿ ವಾಚ್‌ಮನ್ ಬಾಗಿಲು ತೆರೆದ. ಒಂದು ಕಾಲಕ್ಕೆ ಅರಬ್ ಶೇಖ್‌ಗಳ ಮನೆಯವರು ಮೈಕೈನೋವಿಗೆಂದು ಇಲ್ಲಿ ತಿಂಗಳುಗಟ್ಟಲೆ ಇರುತ್ತಿದ್ದರಂತೆ. ಅಮೃತಶಿಲೆಯ ಕೊಳದಲ್ಲಿ ಇನ್ನೂ ಹಬೆಯಾಡುತ್ತಿತ್ತು.

ಹಬೆಯೊಳಗೆ ಕುತ್ತಿಗೆಯವರೆಗೆ ಮುಳುಗಿ ಕೂತಿದ್ದ ಮುದುಕಿಯೊಬ್ಬಳು ನನ್ನನ್ನು ಕೈಬೀಸಿ ಕರೆದಳು. ನಾನು ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ವಾಚ್‌ಮನ್ ಓಡಿಬಂದು ರಟ್ಟೆ ಹಿಡಿದೆಳೆದ.

"ಅಜ್ಜಿ ಕರೀತಿದ್ದಾರೆ," ಎಂದೆ.

"ಮಾಫಿ, ಮಾಫಿ," ಎಂದು ಅವನು ಗೊಣಗಿದ.

ಊರಿನಿಂದ ಹೊಸದಾಗಿ ಬಂದಿದ್ದ ಚಿಕ್ಕಮ್ಮ, "ಪಾಪ, ಇವ ಯಾಕೆ ಕ್ಷಮೆ ಕೇಳುದು?" ಎಂದಳು.

ಅಪ್ಪ ನಕ್ಕರು. "ಇಲ್ಲಿಯ ಅರಬಿಯಲ್ಲಿ ಮಾಫಿ ಅಂದ್ರೆ 'ಇಲ್ಲ' ಅಂತ ಮಾರಾಯ್ತಿ. ಅಲ್ಲಿ ಯಾರೂ ಇಲ್ಲ ಅಂತ ಅವ ಹೇಳುದು."

ಹೊರಗೆ ಹೋಗುವಾಗ ತಿರುಗಿ ನೋಡಿದೆ. ವಾಚ್‌ಮನ್ ಕೊಳದ ಕಡೆ ಕೈಮುಗಿದು ನಿಂತು ಇನ್ನೂ ಅದನ್ನೇ ಹೇಳುತ್ತಿದ್ದ.