ಹಿಮ್ಮುಖವಾಗಿ ಗುಡ್ಡ ಹತ್ತಿದ ಕಾರು

ಮಾಗಿಯ ಚಳಿ ಇನ್ನೂ ಬಿಡದ ಒಂದು ಸೋಮವಾರ, ಬೆಳಿಗ್ಗೆ ಏಳು ಗಂಟೆಗೇ ಏಮೋಸ್ ಮೇಸ್ತ್ರಿಯ ಸಿಟ್ಟು ನೆತ್ತಿಗೇರಿತ್ತು. ಅಮೆರಿಕದಲ್ಲಿ ಮೋಟಾರು ಕಾರು ಇನ್ನೂ ಹೊಸದಾಗಿದ್ದ ಕಾಲ ಅದು. ಕುದುರೆಗಾಡಿ ಮಾಡುತ್ತಿದ್ದ ಸಣ್ಣ ಕಾರ್ಖಾನೆಯಲ್ಲಿ ಅವನು ಕೈಯಾರೆ ಕಟ್ಟಿದ ಮೊದಲ ಕಾರು, ಕೊಳ್ಳಲು ಬಂದ ಡಾಕ್ಟರ ಕಣ್ಣೆದುರೇ, ಮೂರನೆಯ ಸಲ ಗುಡ್ಡದ ನಡುವೆ ನಿಂತುಬಿಟ್ಟಿತ್ತು. ತನ್ನ ಕಾರು ನೆಟ್ಟಗೆ ಗುಡ್ಡ ಹತ್ತಬೇಕು, ಅವನಿಗೆ ಬೇಕಾಗಿದ್ದು ಅಷ್ಟೇ.

"ಪೆಟ್ರೋಲ್ ತೊಟ್ಟಿ ಸೀಟಿನ ಕೆಳಗಿದೆ, ಯಜಮಾನ್ರೇ," ಎಂದ ಏಮೋಸ್, ಪಕ್ಕದಲ್ಲಿದ್ದ ಕಾರ್ಖಾನೆಯ ಯಜಮಾನನಿಗೆ. " ಏರಿನಲ್ಲಿ ಮುಂದಿರೋ ಎಂಜಿನ್ನು ಮೇಲಾಗುತ್ತೆ, ಪೆಟ್ರೋಲು ಅಲ್ಲಿಗೆ ಹರಿಯಲ್ಲ. ತೊಟ್ಟಿ ಎತ್ತರಿಸೋಣ ಅಂತ ವರ್ಷದಿಂದ ಬಡ್ಕೋತಿದೀನಿ. ಇವತ್ತಿಗೆ ಹಿಮ್ಮುಖವಾಗಿ ಹತ್ತಿಸ್ತೀನಿ, ಆಗ ತೊಟ್ಟಿನೇ ಮೇಲಿರುತ್ತೆ, ಬಿಡಿ."

"ನನ್ನ ಗಾಡಿ ಹಠಮಾರಿ ಕತ್ತೆ ಥರ ಹಿಂದಕ್ಕೆ ಹಿಂದಕ್ಕೆ ಹೋಗಬೇಕೇನೋ? ಊರು ನಗುತ್ತೆ!"

"ನಿಂತ ಗಾಡಿ ನೋಡಿ ಈಗೇನು ಅಳ್ತಿದಾರಾ?"

ಡಾಕ್ಟರು ಗಡಿಯಾರ ನೋಡಿಕೊಂಡರು. "ಗುಡ್ಡದಾಚೆ ನನ್ನ ರೋಗಿಗಳಿದ್ದಾರೆ. ಹೇಗಾದ್ರೂ ಹತ್ತಿಸಪ್ಪಾ."

ಏಮೋಸ್ ಕಾರನ್ನು ತಿರುಗಿಸಿದ. ಕತ್ತು ಹಿಂದಕ್ಕೆ ಹೊರಳಿಸಿಕೊಂಡು ಒಂದೇ ಉಸಿರಿಗೆ ತುದಿ ಮುಟ್ಟಿಸಿ, ಮತ್ತೆ ಕೆಳಗಿಳಿಸಿ ತಂದು ನಿಲ್ಲಿಸಿದ.

"ಕಾರು ನನಗಿರಲಿ," ಎಂದರು ಡಾಕ್ಟರು. "ಆದ್ರೆ ಹೀಗೆ ಕತ್ತು ತಿರುಗಿಸೋದು ನನ್ನ ಕೈಲಾಗಲ್ಲ."

ಯಜಮಾನನಿಗೆ ಮೊದಲ ಮಾತಷ್ಟೇ ಕೇಳಿಸಿತು. ಏಮೋಸನ ಬೆನ್ನು ತಟ್ಟಿದ. "ನೋಡಿದ್ಯಾ, ತೊಟ್ಟಿ ಎತ್ತರಿಸೋದೇ ಬೇಡ! ಇದೇ ಥರ ಇನ್ನೂ ಹತ್ತು ಮಾಡು."

ಏಮೋಸ್ ಡಾಕ್ಟರ ಕಡೆಗೆ ತಿರುಗಿದ.

ಗುರುವಾರ ಡಾಕ್ಟರ ಕಾರು ಹಿಮ್ಮುಖವಾಗಿಯೇ ಗುಡ್ಡ ಹತ್ತಿ ಆಚೆಗೆ ಹೋಯಿತು, ಕಾರ್ಖಾನೆಯ ಕೆಲಸ ಬಿಟ್ಟು ಅವರ ಡ್ರೈವರಾಗಿ ಏಮೋಸನೂ ಹೋದ.