ನಿಲ್ಲದ ಹೋಳಿಗೆ

ಹೊಸ ಅಳಿಯ ಶಾಲೆಯಲ್ಲಿ ಕಂಪ್ಯೂಟರ್ ಮೇಷ್ಟ್ರು. ಅಂದು ಮಾವನ ಮನೆಯ ಪಂಕ್ತಿಯಲ್ಲಿ ಕುಳಿತು ಬೆವರುತ್ತಿದ್ದರು.

"ಸಾಕು ಅತ್ತೆ, ಹೊಟ್ಟೆ ಬಿರಿಯುತ್ತೆ."

"ನಮ್ಮನೇಲೂ ಸಂಕೋಚವೇ?" ಎಂದು ಅತ್ತೆ ಇನ್ನೊಂದು ಹೋಳಿಗೆ ಹಾಕಿ ಮುಂದೆ ಹೋದರು.

ಮೇಷ್ಟ್ರು ಪಕ್ಕದಲ್ಲಿದ್ದ ಹಿರಿಯ ಅಳಿಯನ ಕಡೆ ವಾಲಿದರು. "ಅಣ್ಣಾ, ನಾನು ಮಕ್ಕಳಿಗೆ ಹೇಳಿಕೊಡೋ, ಒಂದೇ ಕೆಲಸ ಮತ್ತೆ ಮತ್ತೆ ನಡೆಯೋ ಲೂಪ್ ಅಂದ್ರೆ ಇದೇ ನೋಡಿ. ಎಲೆ ಖಾಲಿಯಾದ್ರೆ ಹೋಳಿಗೆ ಹಾಕ್ತಾರೆ. ಖಾಲಿಯಾಗದಿದ್ರೆ ರುಚಿಯಾಗಿಲ್ವಾ ಅಂತ ತುಪ್ಪ ಸುರಿದು ಮತ್ತೆ ಹೋಳಿಗೇನೇ ಹಾಕ್ತಾರೆ. ಇಂಥದ್ದು ನಿಲ್ಲೋಕೆ ಒಂದು ಷರತ್ತು ಇರ್ಲೇಬೇಕು. ಈ ಮನೇಲಿ ಇಲ್ವಾ?"

"ಇದೆಯಪ್ಪಾ. ಇನ್ನೊಬ್ಬ ಹೊಸ ಅಳಿಯ ಬಂದು ಕೂತ್ರೆ ತಾನಾಗೇ ನಿಲ್ಲುತ್ತೆ," ಎಂದ ಹಿರಿಯ ಅಳಿಯ ತಮ್ಮ ಖಾಲಿ ಎಲೆಯನ್ನು ಮತ್ತೊಮ್ಮೆ ನೋಡಿಕೊಂಡರು.